ಗುಲ್ಮದ ಗಾತ್ರವೂ ಗುಲ್ಮದ ಶಕ್ತಿಯೂ

ನಮ್ಮ ಶಾಲೆಗಳ ಪಠ್ಯಪುಸ್ತಕಗಳು ಗುಲ್ಮವೆಂದು ಕರೆಯುವ ಅಂಗಕ್ಕೆ ಆಯುರ್ವೇದದ ಗ್ರಂಥಗಳಲ್ಲಿ ಪ್ಲೀಹವೆಂದು ಹೆಸರು. ಆ ಗ್ರಂಥಗಳಲ್ಲಿ ಗುಲ್ಮವೆಂದರೆ ಹೊಟ್ಟೆಯಲ್ಲಿ ಏಳುವ ಗಂಟು; ಅದು ರೋಗದ ಹೆಸರೇ ಹೊರತು ಅಂಗದ ಹೆಸರಲ್ಲ. ಚಳಿಜ್ವರ ಮತ್ತೆ ಮತ್ತೆ ಮರುಕಳಿಸಿದವರ ಎಡಪಕ್ಕೆಯ ಕೆಳಗೆ ಕೈಗೆ ಸಿಕ್ಕುವ ಗಟ್ಟಿಯಾದ ಉಬ್ಬನ್ನು ಹಳ್ಳಿಗಳಲ್ಲಿ ಜ್ವರಗಡ್ಡೆಯೆಂದು ಕರೆಯುವ ರೂಢಿಯುಂಟು. ಆಧುನಿಕ ಕನ್ನಡದಲ್ಲಿ ಅಂಗದ ಹೆಸರಾಗಿ ಗುಲ್ಮವೆಂಬ ಮಾತೇ ನೆಲೆನಿಂತಿರುವುದರಿಂದ ಈ ಲೇಖನದಲ್ಲಿಯೂ ಅದನ್ನೇ ಬಳಸಿದೆ. ಆದರೆ ಮೇಲಿನ ಹೆಸರುಗಳಲ್ಲಿ ಎರಡು, ಕೈಗೆ ಸಿಕ್ಕುವ ಗಂಟನ್ನೋ ಗಡ್ಡೆಯನ್ನೋ ಕುರಿತವು ಎಂಬುದನ್ನು ವಾಚಕರು ಗಮನಿಸಬೇಕು. ಈ ಅಂಗವನ್ನು ಜನರೂ ವೈದ್ಯರೂ ಬಹುಕಾಲ ಅದರ ಗಾತ್ರದಿಂದಲೇ ಅರಿತರು. 1848ರಷ್ಟು ಹಿಂದೆಯೇ ಉತ್ತರ ಹಿಂದೂಸ್ಥಾನದ ಕಾಲುವೆ ಪ್ರದೇಶಗಳಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯರು ಊರೂರಿನ ಜನರ ಹೊಟ್ಟೆಯನ್ನು ಮುಟ್ಟಿ, ಎಷ್ಟು ಮಂದಿಗೆ ಗುಲ್ಮ ಊದಿಕೊಂಡಿದೆ ಎಂಬ ಲೆಕ್ಕದಿಂದ ಮಲೇರಿಯದ ಹಾವಳಿಯನ್ನು ಅಂದಾಜು ಮಾಡಿದರು. ಆ ಕೆಲಸಕ್ಕೆ ಗಾತ್ರವೇ ಸಾಕಾಗಿತ್ತು. ಈಗ ನಾವು ಕೇಳಬೇಕಾಗಿರುವ ಪ್ರಶ್ನೆ ಬೇರೆ: ಚಿಕಿತ್ಸೆಗೆ ಒಳಗಾದ ಗುಲ್ಮವು ಇನ್ನೂ ತನ್ನ ಕೆಲಸವನ್ನು ಮಾಡುತ್ತಿದೆಯೇ? ಮಾಡುತ್ತಿದ್ದರೆ ಎಷ್ಟು? ಈ ಪ್ರಶ್ನೆಗೆ ಗಾತ್ರವು ಉತ್ತರ ಹೇಳಲಾರದು. ಪರಮಾಣು ವೈದ್ಯವೆಂಬ ಶಾಖೆಯು ಉತ್ತರವನ್ನು ಹುಡುಕಿದ ಬಗೆಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಗುಲ್ಮದ ಕೆಲಸ

ಎಡಭಾಗದ 9ರಿಂದ 11ನೆಯ ಪಕ್ಕೆಲುಬುಗಳ ಮರೆಯಲ್ಲಿ, ಜಠರದ ಹಿಂದೆ ಗುಲ್ಮವು ಅಡಗಿದೆ. ವಯಸ್ಕರಲ್ಲಿ ಅದರ ತೂಕ ಸುಮಾರು 150 ಗ್ರಾಮ್. ಇಷ್ಟು ಚಿಕ್ಕ ಅಂಗಕ್ಕೆ ಹೃದಯದಿಂದ ಹೊರಡುವ ರಕ್ತದಲ್ಲಿ ನೂರಕ್ಕೆ ಸುಮಾರು 5 ಪಾಲು ಹರಿದು ಬರುತ್ತದೆ. ಒಳಗೆ ಬಂದ ರಕ್ತದ ಒಂದು ಭಾಗವು ಅತ್ಯಂತ ಇಕ್ಕಟ್ಟಾದ ಸಂದುಗಳ ಮೂಲಕ ನುಸುಳಿ ಹೋಗಬೇಕು. ಕೆಂಪು ರಕ್ತಕಣದ ಅಡ್ಡಳತೆ 7-8 ಮೈಕ್ರೊಮೀಟರ್. ಸಂದುಗಳು ಅದಕ್ಕಿಂತ ಬಹಳ ಕಿರಿದು. ಎಳೆಯ ಕಣವು ಮೆತ್ತಗಿರುವುದರಿಂದ ಮೈಯನ್ನು ಬಾಗಿಸಿ ಪಾರಾಗುತ್ತದೆ. ಸುಮಾರು 120 ದಿನ ಬಾಳಿ ಮುಪ್ಪಾದ ಕಣವು ಬಿರುಸಾಗಿ ಅಲ್ಲಿಯೇ ಸಿಕ್ಕಿಬಿದ್ದು, ಅಲ್ಲಿರುವ ಭಕ್ಷಕ ಕಣಗಳಿಗೆ ಆಹಾರವಾಗುತ್ತದೆ. ಕಣದೊಳಗೆ ಬೇಡದ ಚೂರುಗಳೇನಾದರೂ ಉಳಿದಿದ್ದರೆ, ಹಣ್ಣಿನಿಂದ ಬೀಜವನ್ನು ಹಿಚುಕಿ ತೆಗೆಯುವಂತೆ, ಕಣಕ್ಕೆ ಅಪಾಯವಾಗದಂತೆ ಚೂರನ್ನು ಮಾತ್ರ ತೆಗೆದು ಮುಂದಕ್ಕೆ ಕಳುಹಿಸುವ ಕೌಶಲವೂ ಗುಲ್ಮಕ್ಕುಂಟು.

ಇದಕ್ಕಿಂತ ಮುಖ್ಯವಾದುದು ರೋಗಾಣುಗಳನ್ನು ಹಿಡಿಯುವ ಕೆಲಸ. ನ್ಯೂಮೋಕಾಕಸ್ ಮೊದಲಾದ ಕೆಲವು ಬ್ಯಾಕ್ಟೀರಿಯಗಳು ತಮ್ಮ ಮೈಸುತ್ತ ನುಣುಪಾದ ಕವಚವೊಂದನ್ನು ಹೊದ್ದುಕೊಂಡಿರುತ್ತವೆ. ಸಾಮಾನ್ಯ ಭಕ್ಷಕ ಕಣಗಳ ಹಿಡಿತಕ್ಕೆ ಅವು ಸುಲಭವಾಗಿ ಸಿಕ್ಕುವುದಿಲ್ಲ. ರಕ್ತವನ್ನು ನಿಧಾನವಾಗಿ ಸೋಸುವ ಗುಲ್ಮವು ಅವನ್ನು ತಡೆಹಿಡಿಯುತ್ತದೆ. ಅವುಗಳಿಗೆ ತಕ್ಕ ಪ್ರತಿಕಾಯಗಳನ್ನು ಬೇಗ ಸಿದ್ಧಪಡಿಸುವ ಲಸಿಕಕಣಗಳೂ ಅಲ್ಲಿ ನೆಲಸಿವೆ. ಗುಲ್ಮವಿಲ್ಲದವನ ರಕ್ತದಲ್ಲಿ ಇಂಥ ರೋಗಾಣು ಹೊಕ್ಕರೆ ಬೆಳಗ್ಗೆ ಕಾಣಿಸಿಕೊಂಡ ಜ್ವರವು ಒಂದೆರಡು ದಿನಗಳೊಳಗೆ ಪ್ರಾಣವನ್ನು ತೆಗೆಯಬಹುದು.

ಈ ಅಪಾಯವು ವೈದ್ಯಲೋಕಕ್ಕೆ ಮನದಟ್ಟಾದದ್ದು ತಡವಾಗಿ. ಗುಲ್ಮವಿಲ್ಲದೆಯೂ ಮನುಷ್ಯ ಬದುಕಬಲ್ಲನೆಂಬುದು ತಿಳಿದಿದ್ದುದರಿಂದ, ಅದನ್ನು ತೆಗೆದುಹಾಕುವುದಕ್ಕೆ ಶಸ್ತ್ರವೈದ್ಯರು ಹೆಚ್ಚು ಹಿಂಜರಿಯುತ್ತಿರಲಿಲ್ಲ. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮೇಕರ್ ಎಂಬ ಇಬ್ಬರು ವೈದ್ಯರು, ರಕ್ತರೋಗಕ್ಕಾಗಿ ಗುಲ್ಮವನ್ನು ತೆಗೆಸಿಕೊಂಡ ಐದು ಶಿಶುಗಳ ವೃತ್ತಾಂತವನ್ನು ಪ್ರಕಟಿಸಿ, ಆ ಶಸ್ತ್ರಕ್ರಿಯೆಯ ತರುವಾಯ ಬರುವ ತೀವ್ರ ಸೋಂಕುಗಳ ಕಡೆಗೆ ಗಮನ ಸೆಳೆದರು. ಅಲ್ಲಿಂದ ಮುಂದೆ ದೃಷ್ಟಿಯೇ ಬದಲಾಯಿತು. ಗುಲ್ಮವನ್ನು ಪೂರ್ತಿಯಾಗಿ ತೆಗೆಯದೆ ಸ್ವಲ್ಪವಾದರೂ ಉಳಿಸಲು ಬಂದೀತೇ ಎಂದು ಯೋಚಿಸುವ ಕಾಲ ಬಂದಿತು.

ಉಳಿಸುವ ಪ್ರಯತ್ನಗಳು

ಇಂದು ಗುಲ್ಮವನ್ನು ಭಾಗಶಃ ಉಳಿಸುವ ಅಥವಾ ಮರಳಿ ಎಚ್ಚರಿಸುವ ಚಿಕಿತ್ಸೆಗಳು ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ ನಡೆಯುತ್ತವೆ.

ಮೊದಲನೆಯದು, ಆನುವಂಶಿಕವಾದ ಗೋಲಕಣ ರೋಗ. ಇದರಲ್ಲಿ ಕೆಂಪು ಕಣಗಳು ತಟ್ಟೆಯಂತಿರದೆ ಉಂಡೆಯಂತಿರುತ್ತವೆ. ಉಂಡೆಯು ಬಾಗಲಾರದೆ ಗುಲ್ಮದಲ್ಲಿ ಸಿಕ್ಕಿ ನಾಶವಾಗುತ್ತದೆ. ಮಗುವಿಗೆ ರಕ್ತಹೀನತೆ ಬರುತ್ತದೆ. ಗುಲ್ಮವನ್ನು ತೆಗೆದರೆ ರಕ್ತಹೀನತೆ ನೀಗುತ್ತದೆ, ಆದರೆ ಸೋಂಕಿನ ಭಯ ಅಂಟಿಕೊಳ್ಳುತ್ತದೆ. ಆದುದರಿಂದ ಫ್ರಾನ್ಸಿನ ಚೆರ್ನಿಯಾ ಮತ್ತು ಅವರ ಸಹೋದ್ಯೋಗಿಗಳು ಊದಿಕೊಂಡ ಗುಲ್ಮದ ನೂರಕ್ಕೆ 80ರಿಂದ 90 ಪಾಲನ್ನು ಮಾತ್ರ ತೆಗೆದು ಒಂದು ತುಣುಕನ್ನು ಉಳಿಸುವ ಶಸ್ತ್ರಕ್ರಿಯೆಯ ಫಲಿತಾಂಶಗಳನ್ನು 1993ರಲ್ಲಿ ಪ್ರಕಟಿಸಿದರು. ಎರಡನೆಯದು, ಯಕೃತ್ತಿನ ರೋಗದಿಂದ ಗುಲ್ಮವು ಊದಿಕೊಂಡು, ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳನ್ನು ಮಿತಿಮೀರಿ ಒಳಗೆಳೆದುಕೊಳ್ಳುವ ಸ್ಥಿತಿ. ಇಲ್ಲಿ ತೊಡೆಯ ಅಪಧಮನಿಯ ಮೂಲಕ ತೆಳುವಾದ ನಳಿಗೆಯನ್ನು ಗುಲ್ಮದವರೆಗೆ ಒಯ್ದು, ಅದರ ರಕ್ತನಾಳಗಳ ಕೆಲವು ಕವಲುಗಳನ್ನು ಮಾತ್ರ ಸಣ್ಣ ಕಣಗಳಿಂದ ಮುಚ್ಚಿಬಿಡುತ್ತಾರೆ. ರಕ್ತ ದೊರೆಯದ ಭಾಗ ಸಾಯುತ್ತದೆ. ಉಳಿದ ಭಾಗ ಬದುಕುತ್ತದೆ. ಮೂರನೆಯದು, ಕುಡುಗೋಲು ಕಣ ರೋಗ. ಇಲ್ಲಿ ಗುಲ್ಮವನ್ನು ಕೆಡಿಸುವುದು ಶಸ್ತ್ರವಲ್ಲ, ರೋಗವೇ. ರಕ್ತಪೂರಣ, ಹೈಡ್ರಾಕ್ಸಿಯೂರಿಯಾ ಎಂಬ ಔಷಧ, ಮಜ್ಜೆಯ ಕಸಿ ಮುಂತಾದ ಚಿಕಿತ್ಸೆಗಳಿಂದ ಗುಲ್ಮದ ಶಕ್ತಿ ಉಳಿದೀತೇ, ಹೋದದ್ದು ಮರಳೀತೇ ಎಂಬುದು ಇಲ್ಲಿನ ಪ್ರಶ್ನೆ.

ಮೂರೂ ಸಂದರ್ಭಗಳಲ್ಲಿ ಚಿಕಿತ್ಸೆ ಮುಗಿದ ಮೇಲೆ ವೈದ್ಯನಿಗೂ ರೋಗಿಯ ಮನೆಯವರಿಗೂ ಒಂದೇ ವಿಷಯ ತಿಳಿಯಬೇಕಾಗಿರುತ್ತದೆ: ಉಳಿದಿರುವ ಗುಲ್ಮವನ್ನು ನಂಬಬಹುದೇ?

ಗಾತ್ರವು ಮೋಸಮಾಡುವ ಬಗೆ

ಧ್ವನ್ಯತೀತ ತರಂಗಗಳ ಪರೀಕ್ಷೆಯಿಂದಲೂ ಕ್ಷಕಿರಣದ ಸಿ.ಟಿ. ಪರೀಕ್ಷೆಯಿಂದಲೂ ಗುಲ್ಮದ ಉದ್ದ, ಅಗಲ, ಗಾತ್ರಗಳು ನಿಖರವಾಗಿ ತಿಳಿಯುತ್ತವೆ. ಹಾಗಿದ್ದ ಮೇಲೆ ಬೇರೊಂದು ಪರೀಕ್ಷೆ ಏತಕ್ಕೆ ಎಂದು ಕೇಳಬಹುದು. ಇದಕ್ಕೆ ಉತ್ತರ 1969ರಲ್ಲಿ ದೊರಕಿತು.

ಕುಡುಗೋಲು ಕಣ ರೋಗದಲ್ಲಿ ಹಿಮೋಗ್ಲೋಬಿನ್ನಿನ ಒಂದು ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲೀನ್ ಇರುತ್ತದೆ. ಈ ಒಂದು ವ್ಯತ್ಯಾಸದಿಂದ, ಆಮ್ಲಜನಕ ಕಡಿಮೆಯಾದಾಗ ಕೆಂಪು ಕಣವು ಬಿರುಸಾಗಿ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ. ಗುಲ್ಮದ ಇಕ್ಕಟ್ಟಾದ ಓಣಿಗಳಲ್ಲಿ ಆಮ್ಲಜನಕ ಕಡಿಮೆ, ಹರಿವು ನಿಧಾನ. ಕಣಗಳು ಅಲ್ಲಿಯೇ ಸಿಕ್ಕಿಕೊಂಡು ದಾರಿಯನ್ನು ಕಟ್ಟುತ್ತವೆ. ಇದು ಮತ್ತೆ ಮತ್ತೆ ನಡೆದು, ಬಹುಮಂದಿ ರೋಗಿಗಳಲ್ಲಿ ಗುಲ್ಮವು ಕಾಲಕ್ರಮದಲ್ಲಿ ನಾರಿನ ಒಂದು ಚೂರಾಗಿ ಸುಕ್ಕಿಹೋಗುತ್ತದೆ. ಆದರೆ ಸುಕ್ಕುವ ಮೊದಲು, ಬಾಲ್ಯದಲ್ಲಿ, ಅದು ಊದಿಕೊಂಡು ಕೈಗೆ ಸಿಕ್ಕುವಷ್ಟು ದೊಡ್ಡದಾಗಿರುತ್ತದೆ. ಆ ಹಂತದಲ್ಲಿ ಅದು ಕೆಲಸ ಮಾಡುತ್ತಿದೆಯೆಂದೇ ಎಲ್ಲರೂ ಭಾವಿಸಿದ್ದರು.

ಅಮೆರಿಕದ ಹೋವರ್ಡ್ ಪಿಯರ್ಸನ್ ಮತ್ತು ಅವರ ಸಂಗಡಿಗರು ಇಂಥ ಮಕ್ಕಳಿಗೆ ವಿಕಿರಣ ಸೂಸುವ ಸೂಕ್ಷ್ಮಕಣಗಳನ್ನು ರಕ್ತಕ್ಕೆ ಕೊಟ್ಟು ಚಿತ್ರ ತೆಗೆದರು. ಯಕೃತ್ತು ಚಿತ್ರದಲ್ಲಿ ಬೆಳಗಿತು. ಕೈಯಿಂದ ಮುಟ್ಟಿದರೆ ಸ್ಪಷ್ಟವಾಗಿ ಸಿಕ್ಕುತ್ತಿದ್ದ ಗುಲ್ಮವು ಚಿತ್ರದಲ್ಲಿ ಇರಲೇ ಇಲ್ಲ. ಅಂಗ ಇತ್ತು, ಕೆಲಸ ಇರಲಿಲ್ಲ. ಅವರು ಈ ಸ್ಥಿತಿಗೆ ಕೊಟ್ಟ ಹೆಸರನ್ನು ಕನ್ನಡದಲ್ಲಿ ಕಾರ್ಯತಃ ಗುಲ್ಮಾಭಾವ ಎನ್ನಬಹುದು. ಮುಂದಿನ ವರ್ಷ, 1970ರಲ್ಲಿ, ಅದೇ ತಂಡ ಇನ್ನೊಂದು ಸಂಗತಿಯನ್ನು ಪ್ರಕಟಿಸಿತು. ಚಿಕ್ಕ ಮಕ್ಕಳಿಗೆ ಆರೋಗ್ಯವಂತರ ರಕ್ತವನ್ನು ಪೂರಣಮಾಡಿದ ತರುವಾಯ ಅದೇ ಪರೀಕ್ಷೆಯನ್ನು ಮಾಡಿದಾಗ, ಮೊದಲು ಕಾಣದಿದ್ದ ಗುಲ್ಮವು ಚಿತ್ರದಲ್ಲಿ ಮೂಡಿತು. ಕಟ್ಟಿಕೊಂಡಿದ್ದ ದಾರಿಗಳು ತೆರೆದು ರಕ್ತವು ಸೋಸುವ ಭಾಗಗಳಿಗೆ ಮತ್ತೆ ಹರಿದಿತ್ತು. ಗುಲ್ಮವು ಸತ್ತಿರಲಿಲ್ಲ, ಸ್ತಬ್ಧವಾಗಿತ್ತು. ವಯಸ್ಸು ಏರಿ ಗುಲ್ಮವು ನಾರಾಗಿ ಹೋದ ಮೇಲೆ ರಕ್ತಪೂರಣದಿಂದ ಅದು ಹೀಗೆ ಮರಳುವುದಿಲ್ಲ. ಆದುದರಿಂದ ಸ್ತಬ್ಧವಾದುದಾವುದು, ನಷ್ಟವಾದುದಾವುದು ಎಂಬ ವಿವೇಚನೆ ಚಿಕಿತ್ಸೆಯ ವಿಷಯದಲ್ಲಿ ಬಹು ಮುಖ್ಯ. ಲೆಕ್ಕಪತ್ರದ ವೃತ್ತಿಯಲ್ಲಿರುವವರಿಗೆ ಈ ವ್ಯತ್ಯಾಸ ಹೊಸತಲ್ಲ: ಖಾತೆಯು ಪುಸ್ತಕದಲ್ಲಿ ಇದೆಯೆಂದ ಮಾತ್ರಕ್ಕೆ ಅದರಲ್ಲಿ ವ್ಯವಹಾರ ನಡೆಯುತ್ತಿದೆಯೆಂದು ಅರ್ಥವಲ್ಲ.

ಪರೀಕ್ಷೆಯ ಸಾಧನ

ಪರಮಾಣು ವೈದ್ಯದ ಮೂಲತತ್ತ್ವ ಸರಳವಾದದ್ದು. ಕ್ಷಕಿರಣದ ಚಿತ್ರದಲ್ಲಿ ಕಿರಣವು ಹೊರಗಿನಿಂದ ಬಂದು ದೇಹವನ್ನು ದಾಟಿ ನೆರಳನ್ನು ಮೂಡಿಸುತ್ತದೆ. ಇಲ್ಲಿ ಕಿರಣವನ್ನು ಸೂಸುವ ವಸ್ತುವನ್ನೇ ದೇಹದೊಳಕ್ಕೆ ಕಳುಹಿಸಿ, ಯಾವ ಅಂಗ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಹೊರಗಿನಿಂದ ನೋಡುತ್ತಾರೆ. ಹಿಡಿದುಕೊಳ್ಳುವುದು ಜೀವಂತ ಅಂಗದ ಕ್ರಿಯೆ. ಆದುದರಿಂದ ಚಿತ್ರದಲ್ಲಿ ಮೂಡುವುದು ಅಂಗದ ಕೆಲಸ.

ಈ ಪರೀಕ್ಷೆಗೆ ಇಂದು ಬಳಸುವ ಮೂಲವಸ್ತು ಟೆಕ್ನೀಷಿಯಮ್. ಇದನ್ನು 1937ರಲ್ಲಿ ಇಟಲಿಯ ಪಲೆರ್ಮೊ ನಗರದಲ್ಲಿ ಪೆರಿಯೆ ಮತ್ತು ಸೆಗ್ರೆ ಕಂಡುಹಿಡಿದರು. ಕೃತಕವಾಗಿ ತಯಾರಾದ ಮೊದಲ ಮೂಲವಸ್ತುವಾದುದರಿಂದ ಅದಕ್ಕೆ ಆ ಹೆಸರು. ಇದರ ಟೆಕ್ನೀಷಿಯಮ್-99ಎಂ ಎಂಬ ರೂಪವು 140 ಕಿಲೊ-ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಗಾಮಾ ಕಿರಣವನ್ನು ಸೂಸುತ್ತದೆ. ದೇಹವನ್ನು ದಾಟಿ ಹೊರಬರಲು ಇಷ್ಟು ಶಕ್ತಿ ಸಾಕು. ಅದರ ಅರ್ಧಾಯು 6 ಗಂಟೆ, ಎಂದರೆ 6 ಗಂಟೆಗೊಮ್ಮೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಒಂದು ದಿನ ಕಳೆಯುವುದರೊಳಗೆ 16ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಇಷ್ಟು ಬೇಗ ಕರಗುವ ವಸ್ತುವನ್ನು ದೂರದಿಂದ ತರಿಸಿ ದಾಸ್ತಾನು ಮಾಡಿಡುವಂತಿಲ್ಲ. ಇದಕ್ಕೊಂದು ಉಪಾಯವುಂಟು. ಅರ್ಧಾಯು 66 ಗಂಟೆಗಳಿರುವ ಮಾಲಿಬ್ಡಿನಮ್-99 ಎಂಬ ತಾಯಿವಸ್ತುವನ್ನು ಒಂದು ಪಾತ್ರೆಯಲ್ಲಿಟ್ಟು ಆಸ್ಪತ್ರೆಗೆ ಕಳುಹಿಸುತ್ತಾರೆ. ಅದರಿಂದ ಹುಟ್ಟುತ್ತಲೇ ಇರುವ ಟೆಕ್ನೀಷಿಯಮನ್ನು ಉಪ್ಪುನೀರಿನಿಂದ ತೊಳೆದು ಬೇಕಾದಾಗ ತೆಗೆದುಕೊಳ್ಳುತ್ತಾರೆ. ಈ ವೃತ್ತಿಯವರು ಆ ಪಾತ್ರೆಯನ್ನು ಹಸುವೆಂದೂ ತೊಳೆಯುವುದನ್ನು ಹಾಲು ಕರೆಯುವುದೆಂದೂ ಕರೆಯುವುದುಂಟು.

ನಮ್ಮ ಮುಂಬಯಿಗೂ ಈ ಶಾಖೆಗೂ ಹಳೆಯ ನಂಟಿದೆ. ಟ್ರಾಂಬೆಯಲ್ಲಿ 1956ರಲ್ಲಿ ಅಪ್ಸರಾ ಎಂಬ ಅಣುಸ್ಥಾವರ ನಡೆಯತೊಡಗಿತು. ಪರೇಲಿನಲ್ಲಿ 1963ರಲ್ಲಿ ವಿಕಿರಣ ವೈದ್ಯ ಕೇಂದ್ರ ಸ್ಥಾಪಿತವಾಯಿತು. ಇಂದು ನಮ್ಮ ದೇಶದ ದೊಡ್ಡ ನಗರಗಳಲ್ಲೆಲ್ಲ ಈ ಪರೀಕ್ಷೆಯ ಸೌಕರ್ಯ ದೊರೆಯುತ್ತದೆ.

ಟೆಕ್ನೀಷಿಯಮ್ ತಾನಾಗಿ ಗುಲ್ಮವನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದನ್ನು ಒಯ್ಯುವ ವಾಹನ ಬೇಕು. ವಾಹನಗಳು ಎರಡು. ಮೊದಲನೆಯದು ಗಂಧಕದ ಕಲಿಲ, ಎಂದರೆ ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಗಂಧಕದ ಕಣಗಳು. ಇವು ರಕ್ತಕ್ಕೆ ಸೇರಿದ ಕೆಲವೇ ನಿಮಿಷಗಳಲ್ಲಿ ಭಕ್ಷಕ ಕಣಗಳ ಪಾಲಾಗುತ್ತವೆ. ಆರೋಗ್ಯವಂತನಲ್ಲಿ ನೂರಕ್ಕೆ 80-90 ಪಾಲು ಯಕೃತ್ತಿಗೂ 5-10 ಪಾಲು ಗುಲ್ಮಕ್ಕೂ ಉಳಿದ ಅಲ್ಪಾಂಶ ಮಜ್ಜೆಗೂ ಸೇರುತ್ತದೆ. ಎರಡನೆಯ ವಾಹನ ರೋಗಿಯ ಸ್ವಂತ ಕೆಂಪು ಕಣಗಳು. ಸ್ವಲ್ಪ ರಕ್ತವನ್ನು ತೆಗೆದು, ಅದರ ಕಣಗಳಿಗೆ ಟೆಕ್ನೀಷಿಯಮನ್ನು ಅಂಟಿಸಿ, ಸುಮಾರು 49-50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15-20 ನಿಮಿಷ ಇಟ್ಟರೆ ಕಣಗಳು ಬಿರುಸಾಗುತ್ತವೆ. ಅವನ್ನು ಮರಳಿ ರಕ್ತಕ್ಕೆ ಸೇರಿಸಿದಾಗ, ಮುಪ್ಪಾದ ಕಣಗಳೆಂದೇ ಎಣಿಸಿ ಗುಲ್ಮವು ಅವನ್ನು ಹಿಡಿದುಕೊಳ್ಳುತ್ತದೆ. ಶಾಖ ಕಡಿಮೆಯಾದರೆ ಕಣಗಳು ತಿರುಗಾಡುತ್ತಲೇ ಇರುತ್ತವೆ. ಹೆಚ್ಚಾದರೆ ಒಡೆದುಹೋಗಿ ಯಕೃತ್ತನ್ನು ಸೇರುತ್ತವೆ. ಆದುದರಿಂದ ಈ ವಿಧಾನಕ್ಕೆ ಶ್ರಮವೂ ಎಚ್ಚರವೂ ಹೆಚ್ಚು ಬೇಕು, ಆದರೆ ಗುಲ್ಮದ ಮಟ್ಟಿಗೆ ಇದರ ಸಾಕ್ಷ್ಯ ಹೆಚ್ಚು ನೇರವಾದದ್ದು.

ಚಿತ್ರದಿಂದ ಲೆಕ್ಕಕ್ಕೆ

ಚಿತ್ರವನ್ನು ಕಣ್ಣಿನಿಂದ ನೋಡಿ ಸಾಧಾರಣ, ಕಡಿಮೆ, ಇಲ್ಲ ಎಂದು ಮೂರು ವರ್ಗಮಾಡುವುದು ಸುಲಭ. ಆದರೆ ಚಿಕಿತ್ಸೆಯ ಮುಂಚಿನ ಸ್ಥಿತಿಯನ್ನೂ ಅನಂತರದ ಸ್ಥಿತಿಯನ್ನೂ ಹೋಲಿಸಬೇಕಾದರೆ ಸಂಖ್ಯೆ ಬೇಕು. ಗಾಮಾ ಕ್ಯಾಮರವು ಒಂದೊಂದು ಕಿರಣವನ್ನೂ ಎಣಿಸುವುದರಿಂದ ಸಂಖ್ಯೆ ದೊರೆಯುತ್ತದೆ. ಆದರೆ ಇಲ್ಲೊಂದು ತೊಡಕುಂಟು. ಗುಲ್ಮವು ಬೆನ್ನಿಗೆ ಹತ್ತಿರ, ಹೊಟ್ಟೆಗೆ ದೂರ. 140 ಕಿಲೊ-ಎಲೆಕ್ಟ್ರಾನ್‌ವೋಲ್ಟಿನ ಕಿರಣವು ಮೃದುವಾದ ಮಾಂಸದಲ್ಲಿ ಸುಮಾರು 4.6 ಸೆಂಟಿಮೀಟರ್ ಸಾಗುವಷ್ಟರಲ್ಲಿ ಅರ್ಧಕ್ಕಿಳಿಯುತ್ತದೆ. ಮುಂದಿನಿಂದ ಎಣಿಸಿದರೆ ಒಂದು ಸಂಖ್ಯೆ, ಹಿಂದಿನಿಂದ ಎಣಿಸಿದರೆ ಮತ್ತೊಂದು. ಚಿಕಿತ್ಸೆಯ ತರುವಾಯ ಗುಲ್ಮ ಕುಗ್ಗಿ ಸ್ಥಳ ಬದಲಿಸಿದರೆ ಎರಡೂ ಬದಲಾಗುತ್ತವೆ.

ಈ ತೊಡಕನ್ನು ಪರಿಹರಿಸುವ ಗಣಿತ ಸೊಗಸಾಗಿದೆ. ದೇಹದ ದಪ್ಪ 18.4 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ, ಎಂದರೆ 4.6ರ ನಾಲ್ಕು ಪಟ್ಟು. ಗುಲ್ಮವು ಬೆನ್ನಿನಿಂದ 4.6 ಸೆಂಟಿಮೀಟರ್ ಒಳಗಿದ್ದರೆ ಹಿಂದಕ್ಕೆ ಹೊರಬರುವ ಕಿರಣ 2ರಲ್ಲಿ ಒಂದು ಪಾಲು, ಮುಂದಕ್ಕೆ ಹೊರಬರುವುದು 8ರಲ್ಲಿ ಒಂದು ಪಾಲು. ಎರಡನ್ನೂ ಗುಣಿಸಿದರೆ 16ರಲ್ಲಿ ಒಂದು. ಗುಲ್ಮವು ಸರಿಯಾಗಿ ನಡುವೆ ಇದ್ದರೆ ಎರಡು ಕಡೆಗೂ 4ರಲ್ಲಿ ಒಂದು ಪಾಲು. ಗುಣಿಸಿದರೆ ಆಗಲೂ 16ರಲ್ಲಿ ಒಂದೇ. ಆಳ ಬದಲಾದರೂ ಗುಣಲಬ್ಧ ಬದಲಾಗುವುದಿಲ್ಲ. ಆದುದರಿಂದ ಮುಂದಿನ ಎಣಿಕೆಯನ್ನು ಹಿಂದಿನ ಎಣಿಕೆಯಿಂದ ಗುಣಿಸಿ ವರ್ಗಮೂಲವನ್ನು ತೆಗೆದರೆ, ಅಂಗವು ಎಷ್ಟು ಆಳದಲ್ಲಿದೆ ಎಂಬ ಚಿಂತೆಯಿಲ್ಲದೆ ಹೋಲಿಸಬಹುದಾದ ಸಂಖ್ಯೆ ಸಿಕ್ಕುತ್ತದೆ.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ರಕ್ತನಾಳವನ್ನು ಮುಚ್ಚುವ ಚಿಕಿತ್ಸೆಗೆ ಮುಂಚೆ ಒಬ್ಬನ ಗುಲ್ಮದ ಗಾತ್ರ 900 ಮಿಲಿಲೀಟರ್. ಮುಂದಿನ ಎಣಿಕೆ 9,000, ಹಿಂದಿನದು 16,000. ಗುಣಿಸಿ ವರ್ಗಮೂಲ ತೆಗೆದರೆ 12,000. ಚಿಕಿತ್ಸೆಯಾದ ಕೆಲವು ತಿಂಗಳ ತರುವಾಯ ಅಷ್ಟೇ ಪ್ರಮಾಣದ ಔಷಧವನ್ನು ಕೊಟ್ಟು, ಅಷ್ಟೇ ಹೊತ್ತು ಎಣಿಸಿ, ಅಕ್ಕಪಕ್ಕದ ಕಿರಣಗಳನ್ನು ಕಳೆದಾಗ, ಮುಂದೆ 2,500, ಹಿಂದೆ 6,400, ವರ್ಗಮೂಲ 4,000. ಗಾತ್ರವು 600 ಮಿಲಿಲೀಟರಿಗೆ ಇಳಿದಿದೆ. ಗಾತ್ರವನ್ನು ನಂಬಿದರೆ ಮೂರರಲ್ಲಿ ಎರಡು ಪಾಲು ಉಳಿದಿದೆ. ಕೆಲಸವನ್ನು ಎಣಿಸಿದರೆ ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದ ಗಾತ್ರದಲ್ಲಿ ಸುಮಾರು ಅರ್ಧಭಾಗ ರಕ್ತ ಹರಿಯದ ಮಾಂಸ. ಈಚೆಗೆ ಸಿ.ಟಿ. ಯಂತ್ರವನ್ನೂ ಗಾಮಾ ಕ್ಯಾಮರವನ್ನೂ ಒಂದೇ ಮಂಚದ ಸುತ್ತ ಜೋಡಿಸಿರುವುದರಿಂದ, ಗುಲ್ಮದ ಯಾವ ಮೂಲೆ ಜೀವಂತವಾಗಿದೆ ಎಂಬುದನ್ನು ಮೂರು ಆಯಾಮಗಳಲ್ಲಿ ತೋರಿಸಲೂ ಸಾಧ್ಯವಾಗಿದೆ. ಇಂಥ ಪರೀಕ್ಷೆಯಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 2 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶಗಳಿಂದ ಮನುಷ್ಯನಿಗೆ ಒಂದು ವರ್ಷದಲ್ಲಿ ಸಹಜವಾಗಿ ತಗಲುವುದು ಸರಾಸರಿ 2.4 ಮಿಲಿಸೀವರ್ಟ್.

ಪರೀಕ್ಷೆಯು ಹೇಳಿದ ಸಂಗತಿಗಳು

ಗೋಲಕಣ ರೋಗದಲ್ಲಿ ಬಹುಭಾಗವನ್ನು ತೆಗೆದು ಉಳಿಸಿದ ಗುಲ್ಮದ ತುಣುಕು ಭಕ್ಷಣೆಯ ಶಕ್ತಿಯನ್ನು ಕಾಯ್ದುಕೊಂಡಿತೆಂದು ಫ್ರಾನ್ಸಿನ ವೈದ್ಯರು ವರದಿಮಾಡಿದರು. ಕುಡುಗೋಲು ಕಣ ರೋಗದಲ್ಲಿ ಮಜ್ಜೆಯ ಕಸಿಯ ತರುವಾಯ ಗುಲ್ಮದ ಶಕ್ತಿ ಮರಳಿದುದನ್ನು ಬೆಲ್ಜಿಯಮ್ಮಿನ ವೈದ್ಯರು 1993ರಲ್ಲಿಯೂ, ಹೈಡ್ರಾಕ್ಸಿಯೂರಿಯಾ ಸೇವಿಸಿದ ಇಬ್ಬರಲ್ಲಿ ಅದು ಮರಳಿದುದನ್ನು ಅಮೆರಿಕದ ವೈದ್ಯರು 1996ರಲ್ಲಿಯೂ ತಿಳಿಸಿದರು. ಆಶೆಗೆ ಇವು ಆಧಾರ; ಆದರೆ ಬೆರಳೆಣಿಕೆಯ ರೋಗಿಗಳಿಂದ ನಿಯಮವನ್ನು ಹೇಳಲಾಗದು.

ನಿಯಮವನ್ನು ಹುಡುಕಿದ ದೊಡ್ಡ ಪ್ರಯೋಗ ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾಯಿತು. 9ರಿಂದ 18 ತಿಂಗಳ ವಯಸ್ಸಿನ 193 ಶಿಶುಗಳನ್ನು ಆರಿಸಿ, ಅರ್ಧದಷ್ಟು ಶಿಶುಗಳಿಗೆ ಎರಡು ವರ್ಷ ಹೈಡ್ರಾಕ್ಸಿಯೂರಿಯಾವನ್ನೂ ಉಳಿದವರಿಗೆ ಬರಿಯ ಹುಸಿಮದ್ದನ್ನೂ ಕೊಟ್ಟರು. ಮುಖ್ಯ ಅಳತೆಗೋಲುಗಳಲ್ಲಿ ಒಂದು, ಗಂಧಕ ಕಲಿಲದ ಚಿತ್ರದಲ್ಲಿ ಗುಲ್ಮದ ಶಕ್ತಿ ಕುಂದಿದೆಯೇ ಎಂಬುದು. ಕೊನೆಯ ಚಿತ್ರಗಳನ್ನು ನೋಡಿದಾಗ ಔಷಧ ಪಡೆದ 70 ಶಿಶುಗಳಲ್ಲಿ 19ರಲ್ಲಿಯೂ, ಪಡೆಯದ 74 ಶಿಶುಗಳಲ್ಲಿ 28ರಲ್ಲಿಯೂ ಶಕ್ತಿ ಕುಂದಿತ್ತು. ನೂರಕ್ಕೆ 27, ನೂರಕ್ಕೆ 38. ಔಷಧದ ಕಡೆಗೆ ಒಲವಿದ್ದರೂ ಇದು ಆಕಸ್ಮಿಕವಲ್ಲವೆಂದು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಹೇಳುವಂತಿರಲಿಲ್ಲ. ಅದೇ ಪ್ರಯೋಗದಲ್ಲಿ ನೋವಿನ ಪ್ರಸಂಗಗಳು 375ಕ್ಕೆ ಎದುರಾಗಿ 177ಕ್ಕೆ ಇಳಿದುವು. ಎಂದರೆ ಔಷಧ ಶಿಶುಗಳಿಗೆ ನಿಸ್ಸಂದೇಹವಾಗಿ ಉಪಕಾರಮಾಡಿತು. ಗುಲ್ಮದ ಮಟ್ಟಿಗೆ ಮಾತ್ರ ಉಪಕಾರ ಸಿದ್ಧಪಡಲಿಲ್ಲ.

ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ಸಂಖ್ಯೆಯೊಂದು ಆ ಪ್ರಯೋಗದ ಆರಂಭದಲ್ಲಿಯೇ ದೊರಕಿತ್ತು. ಔಷಧವನ್ನು ಕೊಡುವ ಮೊದಲು ತೆಗೆದ ಚಿತ್ರಗಳಲ್ಲಿ ಗುಲ್ಮದ ಶಕ್ತಿ ಸಾಧಾರಣವಾಗಿದ್ದ ಶಿಶುಗಳು ನೂರಕ್ಕೆ 14 ಮಾತ್ರ. ಮಗು ನಡೆಯಲು ಕಲಿಯುವ ಹೊತ್ತಿಗೇ ಗುಲ್ಮವು ಹೆಚ್ಚಿನವರಲ್ಲಿ ಸೋತಿತ್ತು. ಶಕ್ತಿಯನ್ನು ಉಳಿಸಬೇಕಾದರೆ ಚಿಕಿತ್ಸೆಯನ್ನು ಎಷ್ಟು ಬೇಗ ಆರಂಭಿಸಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸೂಚನೆ ಬೇಕಿಲ್ಲ.

ನಮ್ಮ ದೇಶದಲ್ಲಿ

ಈ ವಿಷಯ ನಮಗೆ ದೂರದ್ದೆಂದು ಭಾವಿಸಬಾರದು. ಕುಡುಗೋಲು ಕಣದ ಲಕ್ಷಣವನ್ನು ನೀಲಗಿರಿಯ ಗಿರಿಜನರಲ್ಲಿ ಲೆಹ್‌ಮನ್ ಮತ್ತು ಕಟ್‌ಬುಷ್ 1952ರಲ್ಲಿಯೇ ಗುರುತಿಸಿದ್ದರು. ನೀಲಗಿರಿಯ ಈಚೆಯ ಮಗ್ಗುಲಲ್ಲಿರುವ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಕಾಡಂಚಿನ ಸಮುದಾಯಗಳಲ್ಲಿಯೂ ಈ ರೋಗವುಂಟು. 2023ರಲ್ಲಿ ಭಾರತ ಸರಕಾರವು ಆರಂಭಿಸಿದ ಕುಡುಗೋಲು ಕಣ ರಕ್ತಹೀನತೆಯ ನಿರ್ಮೂಲನ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಮಹಾರಾಷ್ಟ್ರವೂ ಸೇರಿವೆ. 2047ರೊಳಗೆ ರೋಗವನ್ನು ನಿವಾರಿಸುವುದು ಅದರ ಗುರಿ.

ನಮ್ಮ ದೇಶದ ರೋಗಿಗಳಲ್ಲಿ ಒಂದು ವಿಶೇಷವಿದೆ. ಶಿಶುವಿನ ಹಿಮೋಗ್ಲೋಬಿನ್ ಅವರಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಉಳಿದಿರುವುದರಿಂದ ರೋಗದ ಕೆಲವು ಉಪದ್ರವಗಳು ಸೌಮ್ಯವಾಗಿರುವುದುಂಟು. ಗುಲ್ಮವೂ ಬೇಗ ಸುಕ್ಕಿಹೋಗದೆ ದೊಡ್ಡವರಾದ ಮೇಲೂ ಊದಿಕೊಂಡೇ ಇರುತ್ತದೆ. ಒರಿಸ್ಸಾದ ರೋಗಿಗಳನ್ನು ಜಮೈಕಾದ ರೋಗಿಗಳೊಂದಿಗೆ ಹೋಲಿಸಿ 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ವ್ಯತ್ಯಾಸ ಕಂಡುಬಂದಿತು. ಮಲೇರಿಯವಿರುವ ಪ್ರದೇಶಗಳಲ್ಲಿ ಗುಲ್ಮವು ಊದಿಕೊಳ್ಳಲು ಬೇರೆ ಕಾರಣವೂ ಇರುತ್ತದೆ. ಹೀಗಿರುವಲ್ಲಿ ಕೈಗೆ ಸಿಕ್ಕುವ ಗುಲ್ಮದಿಂದ ಮೋಸಹೋಗುವ ಸಂಭವ ನಮ್ಮಲ್ಲಿಯೇ ಹೆಚ್ಚು. ಊದಿದ ಗುಲ್ಮವು ಶಕ್ತವಾಗಿಯೂ ಇರಬಹುದು, ಸ್ತಬ್ಧವಾಗಿಯೂ ಇರಬಹುದು. ಮುಟ್ಟಿ ನೋಡಿದ ಕೈಗೆ ಅದು ತಿಳಿಯದು.

ಪರೀಕ್ಷೆಯ ಮಿತಿ

ಇಷ್ಟು ಹೇಳಿದ ಮೇಲೆ ಈ ಪರೀಕ್ಷೆ ಏನನ್ನು ಹೇಳಲಾರದು ಎಂಬುದನ್ನೂ ತಿಳಿಸಬೇಕು. ಯಕೃತ್ತು ರೋಗಗ್ರಸ್ತವಾಗಿದ್ದರೆ ಅದು ಹಿಡಿಯಬೇಕಾದ ಕಲಿಲವು ಗುಲ್ಮಕ್ಕೂ ಮಜ್ಜೆಗೂ ಸರಿದುಹೋಗುತ್ತದೆ. ಆಗ ಯಕೃತ್ತಿಗೂ ಗುಲ್ಮಕ್ಕೂ ಇರುವ ಪ್ರಮಾಣವನ್ನು ನೋಡಿ ಗುಲ್ಮ ಬಲವಾಗಿದೆಯೆಂದರೆ ತಪ್ಪಾದೀತು. ಅಂಥಲ್ಲಿ ಶಾಖಕೊಟ್ಟ ಕೆಂಪು ಕಣಗಳ ವಿಧಾನವೇ ಮೇಲು. ಎರಡನೆಯದಾಗಿ, ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ರಕ್ತವನ್ನು ನೋಡಿಯೂ ಗುಲ್ಮದ ಸ್ಥಿತಿಯನ್ನು ಊಹಿಸಬಹುದು. ಗುಲ್ಮವು ತೆಗೆಯದೆ ಬಿಟ್ಟ ಚೂರುಗಳು ಕಣಗಳಲ್ಲಿ ಉಳಿದಿರುತ್ತವೆ. ಹೋವೆಲ್ ಮತ್ತು ಜೋಲಿ ಎಂಬವರ ಹೆಸರಿನಿಂದ ಅವನ್ನು ಕರೆಯುತ್ತಾರೆ. ಗುಲ್ಮ ಸೋತವರ ಕೆಂಪು ಕಣಗಳ ಮೈಮೇಲೆ ಕುಳಿಗಳೂ ಹೆಚ್ಚಾಗಿ ಕಾಣುತ್ತವೆ. ಈ ಪರೀಕ್ಷೆಗಳ ವೆಚ್ಚ ಕಡಿಮೆ, ವಿಕಿರಣದ ಗೊಡವೆಯಿಲ್ಲ. ಗುಲ್ಮದ ಶಕ್ತಿ ಸ್ವಲ್ಪವೇ ಕುಂದಿದ್ದಾಗ ಮಾತ್ರ ಚೂರುಗಳ ಎಣಿಕೆ ಅದನ್ನು ಚೆನ್ನಾಗಿ ತೋರಿಸುವುದಿಲ್ಲ. ದೂರದ ಊರಿನವರಿಗೆ ಮೊದಲು ಈ ಪರೀಕ್ಷೆ, ಸಂದೇಹ ಉಳಿದಾಗ ಚಿತ್ರ ಎಂಬ ಕ್ರಮ ಯುಕ್ತವಾದದ್ದು.

ಮೂರನೆಯ ಮಿತಿ ಎಲ್ಲಕ್ಕಿಂತ ಗಂಭೀರ. ಚಿತ್ರವು ಅಳೆಯುವುದು ಸೋಸುವ ಶಕ್ತಿಯನ್ನು. ರೋಗಾಣುವಿನಿಂದ ಕಾಪಾಡುವ ಶಕ್ತಿಗೆ ಸೋಸುವುದರ ಜತೆಗೆ ಪ್ರತಿಕಾಯಗಳ ಸಿದ್ಧತೆಯೂ ಬೇಕು. ಅಪಘಾತದಲ್ಲಿ ಗುಲ್ಮ ಒಡೆದು ಅದನ್ನು ತೆಗೆಸಿಕೊಂಡ 22 ಮಕ್ಕಳಲ್ಲಿ 13 ಮಂದಿಗೆ ಗುಲ್ಮದ ಶಕ್ತಿ ಮರಳಿದೆಯೆಂದು ಪಿಯರ್ಸನ್ನರೇ 1978ರಲ್ಲಿ ತಿಳಿಸಿದರು. ಒಡೆದಾಗ ಹೊಟ್ಟೆಯೊಳಗೆ ಚದುರಿದ ತುಣುಕುಗಳು ಬೇರೂರಿ ಬೆಳೆದಿದ್ದುವು. ಚಿತ್ರದಲ್ಲಿ ಅವು ಕಾಣಿಸಿದುವು. ಆದರೆ ಇಂಥ ತುಣುಕುಗಳಿದ್ದವರೂ ತೀವ್ರ ಸೋಂಕಿನಿಂದ ಸತ್ತ ಪ್ರಸಂಗಗಳು ಆಮೇಲೆ ವರದಿಯಾಗಿವೆ. ಆದುದರಿಂದ ಚಿತ್ರದಲ್ಲಿ ಗುಲ್ಮ ಕಾಣಿಸದಿದ್ದರೆ ಅಪಾಯವಿದೆಯೆಂದು ದೃಢವಾಗಿ ತಿಳಿಯಬಹುದು. ಕಾಣಿಸಿದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಲಾಗದು.

ಈ ಕಾರಣದಿಂದ ಗುಲ್ಮಕ್ಕೆ ಚಿಕಿತ್ಸೆಯಾದವರ ರಕ್ಷಣೆಯ ಕ್ರಮಗಳನ್ನು ಒಂದು ಚಿತ್ರದ ಬಲದಿಂದ ಕೈಬಿಡುವಂತಿಲ್ಲ. ನ್ಯೂಮೋಕಾಕಸ್, ಹಿಮೋಫಿಲಸ್, ಮೆನಿಂಗೊಕಾಕಸ್‌ಗಳ ವಿರುದ್ಧ ಲಸಿಕೆಗಳಿವೆ. ಕುಡುಗೋಲು ಕಣ ರೋಗದ ಮಕ್ಕಳಿಗೆ ದಿನವೂ ಪೆನಿಸಿಲಿನ್ ಕೊಟ್ಟರೆ ನ್ಯೂಮೋಕಾಕಸ್ ಸೋಂಕು ನೂರಕ್ಕೆ 84ರಷ್ಟು ಕಡಿಮೆಯಾಗುತ್ತದೆಂದು 215 ಮಕ್ಕಳ ಮೇಲೆ ನಡೆದ ಪ್ರಯೋಗದಿಂದ 1986ರಲ್ಲಿಯೇ ತಿಳಿದುಬಂದಿತು. ಅಂಥವರಿಗೆ ಜ್ವರ ಬಂದರೆ ಮರುದಿನ ನೋಡೋಣವೆನ್ನದೆ ಅಂದೇ ಆಸ್ಪತ್ರೆಗೆ ಹೋಗಬೇಕು; ತನ್ನ ಗುಲ್ಮದ ಸ್ಥಿತಿಯನ್ನು ವೈದ್ಯನಿಗೆ ಮೊದಲ ಮಾತಿನಲ್ಲಿಯೇ ತಿಳಿಸಬೇಕು.

ಇಲ್ಲಿ ಕನ್ನಡದ ಕೆಲಸವೂ ಸ್ವಲ್ಪ ಇದೆ. ನಾಡಿನಿಂದ ದೂರದಲ್ಲಿದ್ದು ಭಾಷೆಗಾಗಿ ದುಡಿಯುವ ನಮ್ಮಂಥ ಸಂಘಗಳು ವೈದ್ಯರ ನೆರವಿನಿಂದ ಮಾಡಬಹುದಾದ ಕೆಲಸವಿದು. ವೈದ್ಯರು ಇಂಗ್ಲಿಷಿನಲ್ಲಿ ಬರೆದುಕೊಡುವ ವರದಿಯಲ್ಲಿ ಗುಲ್ಮ ಇದೆ ಎಂಬುದಕ್ಕೂ ಗುಲ್ಮ ಕೆಲಸಮಾಡುತ್ತಿದೆ ಎಂಬುದಕ್ಕೂ ಬೇರೆ ಬೇರೆ ಮಾತುಗಳಿರುತ್ತವೆ. ಮನೆಯವರಿಗೆ ವಿವರಿಸುವಾಗ ಎರಡೂ ಒಂದೇ ಮಾತಿನಲ್ಲಿ ಬೆರೆತುಹೋಗುತ್ತವೆ. ಆಪರೇಷನ್ ಚೆನ್ನಾಗಿ ಆಯಿತು, ಗುಲ್ಮ ಉಳಿದಿದೆ ಎಂಬ ಸಮಾಧಾನದಿಂದ ಅವರು ಊರಿಗೆ ಮರಳುತ್ತಾರೆ. ಇದೆ ಎಂಬುದು ಒಂದು ವಾಕ್ಯ, ಕೆಲಸಮಾಡುತ್ತಿದೆ ಎಂಬುದು ಇನ್ನೊಂದು ವಾಕ್ಯ, ಆದರೂ ಜ್ವರ ಬಂದರೆ ಕಾಯಬಾರದು ಎಂಬುದು ಮೂರನೆಯ ವಾಕ್ಯ. ಈ ಮೂರನ್ನು ತಿಳಿಗನ್ನಡದಲ್ಲಿ ಅಚ್ಚುಮಾಡಿಸಿ ಕಾಡಂಚಿನ ಊರುಗಳ ತಾಯಂದಿರ ಕೈಗೆ ಮುಟ್ಟಿಸಿದರೆ, ಚಿತ್ರವನ್ನು ತೆಗೆದ ಯಂತ್ರದ ಶ್ರಮ ಸಾರ್ಥಕವಾಗುತ್ತದೆ.